ಶೋಕೇಸಿನ ಕಾಫಿ ಹೂವು

ಮೂಡಿಗೆರೆ, ಏಪ್ರಿಲ್ 3

ಕಮಲಾಕ್ಷಮ್ಮನವರಿಗೆ, ಬಟ್ಟೆ ಅಂಗಡಿ ಧರ್ಮಪ್ಪನ ನಮಸ್ಕಾರ.

ಹೋದ ವಾರ ನೀವು ನನ್ನ ಅಂಗಡಿ ಮುಂದೆ ನಿಂತು, "ಎಂಥ ಚಂದ ಮಾಡಿದೀರಿ ಮಾರಾಯ್ರೆ! ಹೂವು ಯಾರ ತೋಟದ್ದು?" ಎಂದು ಕೇಳಿದಿರಿ. "ಭಾವನ ತೋಟದ್ದು" ಎಂದೆ. ಭಾವ ತೋಟ ಮಾರಿ ಆರು ವರ್ಷವಾಯಿತು. ಇಟ್ ವಾಸ್ ಯುವರ್ ಬ್ಲಾಸಮ್, ಮೇಡಂ. ಕಾಲೇಜಿನ ಇಂಗ್ಲಿಷು, ಕನ್ನಡದಲ್ಲಿ ಬರೆಯಲು ಕೈ ಬರಲಿಲ್ಲ. ಬರೆಯಲೇಬೇಕು: ರಸ್ತೆ ಬದಿಯ ನಿಮ್ಮ ತೋಟದ ಕಾಫಿ ಗಿಡಗಳಿಂದ ಹೂಬಿಟ್ಟ ಎಂಟು ರೆಂಬೆ ನಾನೇ ಕಡಿದೆ.

ಶೋಕೇಸ್ ಸಿಂಗರಿಸುವುದು ನನ್ನವಳ ಕೆಲಸವಾಗಿತ್ತು. ಒಂದು ಹಳೇ ಗೋಣಿ, ನಾಲ್ಕು ಬಿದಿರು ಕಡ್ಡಿ ಕೊಟ್ಟರೆ ಮದುವೆಮನೆಯನ್ನೇ ಕಟ್ಟಿ ನಿಲ್ಲಿಸುತ್ತಿದ್ದಳು. ಅವಳು ತೀರಿಹೋದ ಮೇಲೆ ಗೊಂಬೆಗೆ ಸೀರೆ ಉಡಿಸುವವನು ನಾನು. ನೆರಿಗೆ ಹಿಡಿಯಲು ಬರುವುದಿಲ್ಲ. ಅದನ್ನು ಮುಚ್ಚಲು ಹೂವು ಬೇಕಾಯಿತು. ಒಂದೊಂದು ಹೂವೂ ಒಂದೊಂದು ಹಣ್ಣು ಅಂತ ಈ ಊರಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೆ?

ಕಡಿದ ಗಿಡ ನೋಡಿ ನೀವು ತೋಟ ಕಾಯುವ ವಾಚರ್ ಲೋಕಪ್ಪನನ್ನು ಕೆಲಸದಿಂದ ಬಿಡಿಸಿದ್ದು ಮೊನ್ನೆ ತಿಳಿಯಿತು. ಅವನೇ ಹೇಳಿದ, ನನ್ನ ಶೋಕೇಸಿಗೆ ಒರಗಿ ನಿಂತು. ಹೂವಿನ ಕಡೆ ನೋಡಿದ. ಅವನಿಗೊಂದು ಕಾಫಿ ತರಿಸಿದೆ.

ದಯವಿಟ್ಟು ಅವನನ್ನು ವಾಪಸ್ ಕರೆಯಿರಿ.

ಹೂವೆಲ್ಲ ಕಂದಿದೆ. ತೆಗೆದಿಲ್ಲ. ಮುಂದೆ ರಟ್ಟಿನ ಬೋರ್ಡ್ ಇಟ್ಟಿದ್ದೇನೆ: "ಕಮಲಾಕ್ಷಮ್ಮನವರ ತೋಟದ್ದು. ಕೇಳದೆ ಕಡಿದವನು ಧರ್ಮಪ್ಪ. ಲೋಕಪ್ಪನ ತಪ್ಪಿಲ್ಲ." ಅವನು ಕೆಲಸಕ್ಕೆ ಬಂದ ದಿನ ತೆಗೆಯುತ್ತೇನೆ.

ನಿನ್ನೆಯಿಂದ ಶೋಕೇಸ್ ಮುಂದೆ ಜನ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಾರೆ.

ನಿಮ್ಮೆದುರು ಬಂದು ಹೇಳಲಾಗದ,
ಧರ್ಮಪ್ಪ