ವರ್ಬೀನಾ ಕತ್ತರಿಸಿದವರು ಇಬ್ಬರು

ಭಾಗಕ್ಕನಿಗೆ,

ಎದುರಿಗೆ ಮಾತಾಡಿದರೆ ನೀನು ಅಳುತ್ತೀ. ನೀನು ಅತ್ತರೆ ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ನಡುವೆ ಮಡಚಿಡಬೇಡ.

ಲಗ್ನಗಳು ನಡೆಯುವ ರಂಗಂಪೇಟೆಯ ಆ ಮಂಗಲ ಕಾರ್ಯಾಲಯದ ತೋಟದಲ್ಲಿ ಆರು ವರ್ಷ ಒಟ್ಟಿಗೆ ಮಣ್ಣು ಕೆದಕಿದವರು ನಾವು. ಗೇಟಿನ ಪಕ್ಕ ವರ್ಬೀನಾ ಹೂಗಿಡ ಹಚ್ಚಿದವರೂ ನಾವೇ. ದಿನವೆಲ್ಲ ಬಿಸಿಲು ಬೀಳುವ ಜಾಗ ಹುಡುಕಿದವಳು ನೀನು. ಕರಿಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಉಸುಕು ಬೆರೆಸಲು ಹೇಳಿದವಳು ನೀನು. ಎಲೆ ತೋಯಿಸಿದರೆ ಬೂದಿರೋಗ ಬರುತ್ತದೆಂದು ನನ್ನ ಕೈಯಿಂದ ಪೈಪು ಕಸಿದು, ಬುಡಕ್ಕೆ ಹಿಡಿದು ತೋರಿಸಿದವಳೂ ನೀನೇ.

ಸಂಕ್ರಾಂತಿ ಕಳೆದ ಮೇಲೆ ಗಿಡಗಳು ಉದ್ದುದ್ದ ಬೆಳೆದು ಸೊರಗಿದವು. "ಅರ್ಧಕ್ಕ ಕತ್ತರಿಸಿಬಿಡು, ಚಮನಾ. ತಿಂಗಳೊಳಗ ಗಿಡದ ತುಂಬ ಹೂ ಬರ್ತಾವ. ಸಾವ್ಕಾರ್ರ ಮಗಳ ಲಗ್ನಕ್ಕ ಸರಿ ಹೋಗ್ತದ" ಎಂದು ನೀನೇ ಅಂದೆ. ನಾನು ಕತ್ತರಿ ಹಾಕಿದೆ, ನೀನು ಕಡ್ಡಿಗಳನ್ನು ಬುಟ್ಟಿಗೆ ತುಂಬಿದೆ.

ಮರುದಿನ ಕಾರ್ಯಾಲಯದ ಮಾಲೀಕ ಗುರಪ್ಪ ಸಾವ್ಕಾರರು ಗೇಟಿನಲ್ಲೇ ಕೂಗಿದರು: "ಯಾರು ಮಾಡ್ಯಾರ ಇದನ್ನ? ಬೀಗರಿಗೆ ಈ ಬೋಳ ಗಿಡ ತೋರಿಸ್ಲೇನು?"

"ನಾನ್ರಿ" ಅಂದೆ ನಾನು. "ಕತ್ತರಿಸು ಅಂದಾಕಿ ನಾನ್ರಿ" ಎಂದು ನೀನು ಅನ್ನುತ್ತೀ ಅಂತ ಕಾದೆ. ನೀನು ಬುಟ್ಟಿ ಎತ್ತಿಕೊಂಡು ಬಾವಿಯ ಕಡೆ ನಡೆದುಬಿಟ್ಟೆ. ಅಂದಿನಿಂದ ನನ್ನನ್ನು ಅಡುಗೆಮನೆಯ ಹಿಂದೆ ಪಾತ್ರೆ ತಿಕ್ಕಲು ಹಾಕಿದರು.

ಕೆಲಸ ಹೋದೀತೆಂಬ ಭಯ ನಿನಗಿತ್ತು, ಬಲ್ಲೆ. ನನಗೇನು ಭಯ ಇರಲಿಲ್ಲವೇ? ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಲಗ್ನದ ದಿನ? ಕೆಂಪು, ಬಿಳಿ, ನೇರಳೆ, ಎಲೆಯೇ ಕಾಣದಷ್ಟು ಹೂ. ಬೀಗರು ಫೋಟೋಕ್ಕೆ ಮುಗಿಬಿದ್ದಿದ್ದರು. "ಭಾಗಮ್ಮ, ನಿನ್ನ ಕೈಗುಣ ಭಾಳ ಚಲೋ ಅದ" ಎಂದು ಸಾವ್ಕಾರರು ಎಲ್ಲರೆದುರು ಹೊಗಳಿದಾಗ ನೀನು ಸೆರಗು ಸರಿಮಾಡಿಕೊಂಡು ನಕ್ಕೆ. ಮಸಿ ಕೈಯಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ನೀನು ನನ್ನನ್ನು ನೋಡಿದೆ. ನೋಡಿಯೂ ನಕ್ಕೆಯಲ್ಲ!

ನಿನ್ನೆ ನಾನೇ ಸಾವ್ಕಾರರ ಮುಂದೆ ಹೋಗಿ ನಿಂತೆ. "ಕತ್ತರಿಸಿದಾಕಿ ನಾನ್ರಿ, ಕತ್ತರಿಸು ಅಂದಾಕಿ ಭಾಗಕ್ಕ. ಬೈಗುಳ ನನಗೊಬ್ಬಾಕಿಗೇ ಯಾಕ, ಹೊಗಳಿಕಿ ಆಕಿಗೊಬ್ಬಾಕಿಗೇ ಯಾಕ?" ಎಂದು ಕೇಳಿಯೇಬಿಟ್ಟೆ. ಅವರು "ಸೋಮವಾರದಿಂದ ತೋಟಕ್ಕ ಬಾ" ಅಂದರು. ಅಷ್ಟೇ. ತಪ್ಪಾಯಿತು ಎಂಬ ಮಾತು ಬರಲಿಲ್ಲ. ಅವರಿಂದ ಅದನ್ನು ನಾನು ಬಯಸಿಯೂ ಇಲ್ಲ. ನಿನ್ನಿಂದ ಬಯಸುತ್ತೇನೆ.

ಸೋಮವಾರ ಬರುತ್ತೇನೆ. ಏನೂ ಆಗಿಲ್ಲವೆಂಬಂತೆ "ಚಹಾ ಕುಡೀತಿಯೇನು" ಅನ್ನಬೇಡ. ಮೊದಲು ಆ ಒಂದು ಮಾತು ಆಡು. ಆಡುವ ತನಕ ತೋಟದ ಆ ತುದಿಗೆ ನೀನು, ಈ ತುದಿಗೆ ನಾನು.

ನಿನ್ನ ಮೊಣಕಾಲು ನೋವನ್ನು ದೇವರು ಬೇಗ ಕಡಿಮೆ ಮಾಡಲಿ. ಇದನ್ನಂತೂ ಮನಸಾರೆ ಬರೆದಿದ್ದೇನೆ.

ಇನ್ನೂ ಸಿಟ್ಟಿಳಿಯದ,
ಚಮನಬೀ