ಕೋಲಿನ ಮೊದಲ ಕಚ್ಚು

ಫೂತಾಂಗ್ ಹಳ್ಳಿ, ಶಿಬಿಂಗ್
೧೧ ಅಕ್ಟೋಬರ್ ೧೯೯೮

ಪ್ರೀತಿಯ ಅಮ್ಮಾ,

ಎರಡು ವರ್ಷದಿಂದ ನಿನಗೆ ಸುಳ್ಳು ಹೇಳುತ್ತ ಬಂದಿದ್ದೇನೆ. ನಾನು ಪೇಟೆಗೆ ಹೊಲಿಗೆ ಕಲಿಯಲು ಹೋಗುತ್ತಿರಲಿಲ್ಲ. ಗುಡ್ಡ ದಾಟಿ ನಿನ್ನ ಅಣ್ಣನ ಮನೆಗೆ ಹೋಗುತ್ತಿದ್ದೆ; ಆ ಮನೆಯ ಹೊಸ್ತಿಲು ನಮ್ಮವರು ಯಾರೂ ತುಳಿಯಬಾರದು ಎಂದು ನೀನು ಹೇಳಿದ್ದು ಗೊತ್ತಿದ್ದೂ. ಬೈಯುವುದನ್ನು ಕಾಗದ ಮುಗಿಯುವವರೆಗೆ ತಡೆದುಕೋ. ನಿನ್ನ ಬೆನ್ನುನೋವು ಹೇಗಿದೆ? ಕಾರ್ಖಾನೆಯಲ್ಲಿ ಈಗಲಾದರೂ ಕೂತು ಕೆಲಸ ಮಾಡಲು ಬಿಡುತ್ತಾರಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೊಯ್ಲು ಮುಗಿದು ಗದ್ದೆಯ ಮೀನು ಹಿಡಿದಾಯಿತು. ಹುಳಿಮೀನಿನ ಜಾಡಿಗೆ ಈ ಸಲ ನಾನೇ ಉಪ್ಪು ಹಾಕಿದೆ. ಅಪ್ಪ ತಿಂದು ಏನೂ ಹೇಳಲಿಲ್ಲ, ಅಂದರೆ ಉಪ್ಪು ಜಾಸ್ತಿಯಾಗಿದೆ.

ಶಾಲೆ ಬಿಟ್ಟವಳಿಗೆ ಕಲಿಯುವ ಹುಚ್ಚು ಯಾಕೆ ಎಂದು ನೀನು ಕೇಳುತ್ತೀ. ಶಾಲೆಯ ಪುಸ್ತಕದಲ್ಲಿ ಉತ್ತರಗಳು ಕೊನೆಯ ಪುಟದಲ್ಲೇ ಇರುತ್ತಿದ್ದವು, ನನಗೆ ಬೇಸರ ಬರುತ್ತಿತ್ತು. ನಮ್ಮ ಅಟ್ಟದ ಮದುವೆಕೋಲಿಗೆ ಮಾತ್ರ ಯಾರೂ ಉತ್ತರ ಹೇಳುತ್ತಿರಲಿಲ್ಲ. ಮೂರು ಮುಖ, ಮುಖಕ್ಕೆ ಒಂಬತ್ತು ಕಚ್ಚು, ಕಚ್ಚಿಗೊಂದು ಹಾಡು; ಮದುವೆಯಲ್ಲಿ ಒಂದು ಮನೆಯವರು ಹಾಡಿದರೆ ಇನ್ನೊಂದು ಮನೆಯವರು ಹಾಡಿನಲ್ಲೇ ಉತ್ತರ ಕೊಡಬೇಕು. ಈ ಕಚ್ಚಿನ ಗುರುತು ಬಾತುಕೋಳಿಯೋ, ಕೊಡೆಯೋ? ಕೇಳಿದರೆ ಚಿಕ್ಕಜ್ಜ, "ಹೆಣ್ಮಕ್ಳಿಗೆ ಅದೆಲ್ಲ ಯಾಕೆ, ಒಲೆ ನೋಡ್ಕೋ ಹೋಗು" ಎನ್ನುತ್ತಿದ್ದ. ಕೊನೆಗೆ ಮಾವನ ಮುಂದೆ ಹೋಗಿ ನಿಂತೆ. ಯಾರ ಮಗಳೆಂದು ಹೇಳಿದ ಮೇಲೂ ಅವನು ಬಹಳ ಹೊತ್ತು ಬಿದಿರು ಸೀಳುತ್ತಲೇ ಇದ್ದ. ಆಮೇಲೆ ತನ್ನ ಕೋಲು ತಂದು, "ಕಣ್ಣು ತೆಗಿ ಅದರ ಮೇಲಿಂದ. ಹೆಬ್ಬೆರಳಿಡು" ಎಂದ.

ನಿನ್ನ ಮದುವೆಯ ದಿನ ಅವನು ಊಟ ಮಾಡದೆ ಹೋದದ್ದನ್ನು ನೀನು ಒಂದೇ ಸಲ ಹೇಳಿದ್ದೆ, "ತೌರು ನನಗೆ ಅವತ್ತಿಗೇ ಮುಗೀತು" ಅಂತ. ಅಪ್ಪನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ ಎಂದೇ ನೀನು ನಂಬಿದ್ದೀ. ನಾನು ಮಾವನನ್ನೇ ಕೇಳಿದೆ. "ಬಾಗಿಲಿಗೆ ಕಾಲಿಡೋ ಮುಂಚೆ ಬೀಳ್ಕೊಡೋ ಹಾಡು ಹಾಡಿದ್ರು. ಹೋಗು ಅಂದ ಮನೇಲಿ ಅನ್ನ ತಿನ್ನೋಕೆ ನಾನೇನು ನಾಯೀನಾ?" ಎಂದ. ಮಾತಲ್ಲಿ ಬೈದಿದ್ದರೆ ಸಂಜೆಗೆ ಮರೆಯುತ್ತಿದ್ದನೇನೋ. ಹಾಡಿನಲ್ಲಿ ಹೇಳಿದ್ದನ್ನು ನಮ್ಮಲ್ಲಿ ಯಾರು ಮರೆಯುತ್ತಾರೆ?

ಮೊನ್ನೆ ಚಿಕ್ಕಜ್ಜ ಅಕ್ಕಿಹೆಂಡದ ಎರಡನೇ ಕೊಂಬಿನ ಲೋಟ ಮುಗಿಸಿ ಎಂದಿನ ಜಂಬ ಶುರುಮಾಡಿದ. ನಿನ್ನ ಮದುವೆಯ ದಿನ ಅವನ ಅಣ್ಣ, ನಮ್ಮ ಅಜ್ಜನಿಗೆ ಜ್ವರ ಬಂದು, ಅಪ್ಪನ ಕಡೆಯಿಂದ ಹಾಡಲು ಇವನು ಮೊದಲ ಸಲ ನಿಂತಿದ್ದನಂತೆ. "ಒಂದೇ ಹಾಡು ಕಣೇ. ಉತ್ತರ ಬರ್ದೆ ನಿನ್ನ ಮಾವ ಬಾಲ ಮುದುರ್ಕೊಂಡು ಓಡಿದ." ಯಾವ ಹಾಡು, ತೋರಿಸು ಎಂದು ಕೋಲನ್ನು ಅವನ ಕೈಗಿಟ್ಟೆ. ಅವನ ಹೆಬ್ಬೆರಳು ಕೂತದ್ದು ಇಪ್ಪತ್ತೇಳನೇ ಕಚ್ಚಿನ ಮೇಲೆ. ಎರಡು ತುದಿಯ ಗುರುತೂ ಹೆಚ್ಚುಕಡಿಮೆ ಒಂದೇ ಥರ ಇವೆ ಅಮ್ಮಾ. ಮೊದಲನೆಯದಕ್ಕೆ ಉಗುರಿನಷ್ಟು ಗೀರು ಹೆಚ್ಚು, ಅದೂ ಒಲೆಯ ಮಸಿ ಕೂತು ಮುಚ್ಚಿಹೋಗಿದೆ. ಅವನು ಅವತ್ತೂ ಹೀಗೇ ಕೋಲನ್ನು ತಲೆಕೆಳಗೆ ಹಿಡಿದಿದ್ದ. ಹಾಡೆಲ್ಲ ಹಳೇ ಕಾಲದ ಮಾತು, ಅವನಿಗೆ ಬರೀ ಬಾಯಿಪಾಠ, ಏನು ಹಾಡಿದೆನೆಂದು ಇವತ್ತಿಗೂ ತಿಳಿದಿರಲಿಲ್ಲ. ಬರಮಾಡಿಕೊಳ್ಳುವ ಮೊದಲ ಹಾಡಿನ ಬದಲು ಬೀಳ್ಕೊಡುವ ಕೊನೆಯ ಹಾಡು ಹಾಡಿದ್ದೀ ಎಂದು ಹೇಳಿದೆ. ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ನಾನು ಸತ್ತ ಮೇಲೆ ಹೇಳ್ಬಾರ್ದಿತ್ತಾ?" ಎಂದ. ಆಗಲ್ಲ ಎಂದೆ.

ಮಾರನೇ ದಿನ ಮಾವನಿಗೂ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಕತ್ತಿ ಕೆಳಗಿಟ್ಟ. "ಹಾಗಾದ್ರೆ ಅದನ್ನ ಪಾಂಗ್ ಹೇಳಿ ಹಾಡಿಸಿದ್ದಲ್ಲ?" ಎಂದ. ನಿನ್ನ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಲ್ಲ ಎಂದೆ. ಅದನ್ನೇ ಇನ್ನೊಂದು ಸಲ ಕೇಳಿದ.

ಅಪ್ಪ ನಿನ್ನನ್ನು ಕೇಳಿದ್ದಾನೆ. ಚಿಕ್ಕಜ್ಜ ಎರಡು ದಿನದಿಂದ ಹೆಂಡ ಮುಟ್ಟಿಲ್ಲ, ಆದರೂ ನಿನಗೆ ಆಶೀರ್ವಾದ ಬರೆಯಲು ಹೇಳಿದ. ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಮಗಳು,
ನಿಯಾ

ಮರೆತಿದ್ದೆ: ನಿನ್ನ ಕಾರ್ಖಾನೆಗೇ ಕೆಲಸಕ್ಕೆ ಬರುತ್ತಿರುವ ಯಿಂಗ್ ಅತ್ತೆ ಇವತ್ತು ಹೊರಟಿದ್ದಾಳೆ, ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾಳೆ, ಕಾಗದ ಅವಳ ಕೈಲಿ ಕಳಿಸುತ್ತೇನೆ. ಮಾವ ನಿನ್ನನ್ನು ನೋಡಬೇಕಂತೆ. ಅವನು ರೈಲು ಹತ್ತಿದವನಲ್ಲ, ಅದಕ್ಕೆ ಜೊತೆಗೆ ನಾನೂ ಬರುತ್ತೇನೆ. ಬೇಡ ಎಂದು ಬರೆಯಲು ನಿನಗೆ ಸಮಯ ಸಿಗಬಾರದೆಂದೇ ಇಷ್ಟು ತಡವಾಗಿ ತಿಳಿಸುತ್ತಿದ್ದೇನೆ. ನಾವು ನಾಳೆ ಬೆಳಿಗ್ಗೆ ಹೊರಡುತ್ತೇವೆ.