ಒನಕಿಗೆ ಮೊದಲ ಕೈ

ತೆಲಿಗಿ
೮-೨-೨೦೦೧

ತಮ್ಮ ಅಂಜಿನೇಯಲುಗೆ ಅಣ್ಣ ಬೊಮ್ಮಪ್ಪನ ಆಶೀರ್ವಾದ. ನಿನ್ನ ಕಾಗದ ಮುಟ್ಟಿತು, ಓದಿ ಸಿಟ್ಟೂ ಬಂತು.

ನಿನ್ನ ಮಗನ ಮದುವಿಗೆ ಅರಿಶಿನ ಕುಟ್ಟುವಾಗ ನಿನ್ನ ಅತ್ತಿಗಿ ಶಿವಮ್ಮ ಒಳಗೆ ಮಲಗಿರಲಿ ಅಂತ ಬರೆದೀಯ. ಕ್ಯಾನ್ಸರ್ ಔಷಧಿಗೆ ಕೂದಲು ಉದುರಿದಾಕಿ ಒನಕಿ ಮುಟ್ಟಿದ್ರ ಮಂದಿ ಏನಂತಾರೋ ಅಂತ ನಿನ್ನ ಹೆದರಿಕಿ. ಲೇ, ಮುತ್ತೈದೆತನ ಅಕಿ ಕೂದಲದಾಗ ಇಲ್ಲ, ನನ್ನ ಉಸಿರಿನಾಗ ಐತಿ. ನಾನು ಇನ್ನಾ ಗಟ್ಟಿ ಅದೀನಿ. ಅನುಮಾನ ಇದ್ದವರು ನನ್ನ ಎದುರಿಗೆ ಬಂದು ಕೇಳಲಿ.

ಹಿರೇಸೊಸಿ ಮೊದಲ ಏಟು ಹಾಕದ ಮದುವಿ ನಮ್ಮ ಮನಿಯಾಗ ಯಾವುದು ಆಗೈತಿ? ನಿನ್ನ ಮದುವಿಗೂ ಅಕಿನೇ ಕುಟ್ಟಿದ್ದು. "ಬ್ಯಾಡ ಬಿಡ್ರಿ, ನಾನು ಹಿಂದೇ ಕುಂದರ್ತೀನಿ" ಅಂತ ಅಕಿನೂ ಅಂದಳು. ಅಕಿಗೂ ಬೈದೀನಿ.

ಬರೋ ಬುಧವಾರ ಬಳ್ಳಾರಿ ಆಸ್ಪತ್ರಿಯಿಂದ ನೆಟ್ಟಗ ಹಗರಿಬೊಮ್ಮನಹಳ್ಳಿಗೆ ನಿನ್ನ ಮನಿಗೇ ಬರ್ತೀವಿ. ಅಕಿಗೆ ಬಾಯಾಗ ಹುಣ್ಣಾಗ್ಯಾವ, ಖಾರ ಇಲ್ಲದ ಮೆತ್ತನ ಅನ್ನ ಮಾಡಿಸು. ಕೂಡಾಕ ಒಂದು ಕುರ್ಚಿ ಇಡು. ಒಳಗಲ್ಲ, ಒರಳಿನ ಪಕ್ಕದಾಗ.

ಅಕಿ ಕೈಗೆ ಶಕ್ತಿ ಸಾಲದಿದ್ರ ಜೊತಿಗೆ ನಾನೂ ಒನಕಿ ಹಿಡೀತೀನಿ. ಗಂಡಸರು ಹಿಡೀಬಾರದು ಅನ್ನೋ ಶಾಸ್ತ್ರ ಇದ್ರ ಇರಲಿ, ಅದನ್ನ ಮುರಿದ ಮ್ಯಾಲೇ ನಿನ್ನ ಮಗನಿಗೆ ಅರಿಶಿನ ಹಚ್ಚೋದು.

ಇಂತಿ, ಸಿಟ್ಟು ಇಳಿಯದ ನಿನ್ನ ಅಣ್ಣ
ಬೊಮ್ಮಪ್ಪ